ಕುಡಿತ ಬಿಡಿಸಲು ಕೋಣೆಯಲ್ಲಿ ಕೂಡಿಹಾಕಬೇಡಿ

ಮಾನ್ಯರೇ,

ಕುಡಿತ ಬಿಡಿಸಲು ಕೋಣೆಯಲ್ಲಿ ಕೂಡಿಹಾಕುವುದು, ದೇವರ ಮುಂದೆ ಆಣೆ ಮಾಡಿಸುವುದು ನಮ್ಮ ಕಡೆ ಈಗಲೂ ಇದೆ. ಮನೆಯವರ ಸಂಕಟ ಅರ್ಥವಾಗುತ್ತದೆ. ಆದರೆ ವರ್ಷಗಟ್ಟಲೆ ಬೆಳಿಗ್ಗೆಯಿಂದಲೇ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನರ್ಸ್ ಆಗಿದ್ದ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲು ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಸುಳಿಯುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಹಗಲು ರಾತ್ರಿಯೇ ತಿಳಿಯದು. ಇಲ್ಲದ ಹುಳುಗಳನ್ನು ಹೊದಿಕೆಯಿಂದ ಹೆಕ್ಕಿ ಎಸೆಯುತ್ತಾರೆ. ಲಾರಿ ಡ್ರೈವರ್ ಒಬ್ಬರು ಮಂಚದ ಮೇಲೆ ಕೂತು ಗೇರ್ ಬದಲಿಸುತ್ತಾ ಕ್ಲೀನರ್‌ನನ್ನು ಕೂಗುತ್ತಿದ್ದರು. ಗಾಳಿ ಸೋಕಿದೆ ಎಂದು ಮನೆಯವರು ಮೊದಲು ತಾಯತ ಕಟ್ಟಿಸಿದ್ದರು.

ಇದು ಗಾಳಿಯಲ್ಲ, ನಾಟಕವೂ ಅಲ್ಲ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಗಳನ್ನು ಶಾಂತವಾಗಿಡುತ್ತದೆ, ಗ್ಲುಟಮೇಟ್ ಕೆರಳಿಸುತ್ತದೆ. ಮದ್ಯ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅಡಗಿಸುತ್ತದೆ. ದಿನಾ ಕುಡಿದರೆ ಮಿದುಳು ಅದಕ್ಕೆ ಒಗ್ಗಿ, ಕೆರಳಿಸುವ ಕಡೆಯನ್ನು ಜೋರು ಮಾಡಿಕೊಳ್ಳುತ್ತದೆ. ಮದ್ಯ ಏಕಾಏಕಿ ನಿಂತಾಗ ಆ ಕೆರಳಿಕೆಯನ್ನು ಹಿಡಿದು ನಿಲ್ಲಿಸುವವರೇ ಇಲ್ಲ. ನಡುಕ, ಎದೆಬಡಿತ, ವಿಪರೀತ ಹೆದರಿಕೆ ಎಲ್ಲ ಅಲ್ಲಿಂದಲೇ. ಆ ಹೆದರಿಕೆ ತಾಳಲಾರದೆ ಮತ್ತೆ ಬಾಟಲಿ ಹಿಡಿದವರನ್ನು ‘ಮನಸ್ಸು ಗಟ್ಟಿಯಿಲ್ಲ’ ಎಂದು ಬೈದರೆ ಹೇಗೆ? 2020ರ ಲಾಕ್‌ಡೌನ್ ಮುಗಿಯುವ ಮುನ್ನ, ಮೇ 4ರಂದು ಮದ್ಯದಂಗಡಿ ತೆರೆದಾಗ ಅಲ್ಲಿನ ಸಾಲು ನೋಡಿ ನಕ್ಕವರೇ ಜಾಸ್ತಿ. ಆ ಸಾಲಿನಲ್ಲಿ ಇಂಥ ರೋಗಿಗಳೂ ಇದ್ದರು.

ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ. ನರ ಶಾಂತಗೊಳಿಸುವ ಮಾತ್ರೆ ಕೊಟ್ಟು ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ‘ಸುಸ್ತಾಗಿದ್ದಾರೆ, ಒಂದು ಬಾಟಲಿ ಗ್ಲುಕೋಸ್ ಹಾಕಿ’ ಎಂದು ಕೇಳುವವರಿಗೆ ಒಂದು ಮಾತು: ಬಿ1 ಕೊಡದೆ ಬರೀ ಗ್ಲುಕೋಸ್ ಹಾಕಿದರೆ ಮಿದುಳಿಗೆ ಪೆಟ್ಟು ಬಿದ್ದು ನೆನಪಿನ ಶಕ್ತಿಗೇ ಕುತ್ತು ಬರಬಹುದು. ಎಷ್ಟು ಕುಡಿಯುತ್ತಿದ್ದರು, ಯಾವಾಗ ನಿಲ್ಲಿಸಿದರು ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಬಕಾರಿಯಿಂದ ಸಾವಿರಾರು ಕೋಟಿ ಆದಾಯ ಪಡೆಯುವ ಸರ್ಕಾರ ಈ ನಂಬರನ್ನು ಪ್ರತಿ ಮದ್ಯದಂಗಡಿಯ ಮುಂದೆ ದೊಡ್ಡದಾಗಿ ಬರೆಸಲಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕುಡಿತ ಬಿಡಲು ಬರುವವರಿಗಾಗಿ ಕೆಲವು ಹಾಸಿಗೆ ಮೀಸಲಿಡಲಿ.

– ನಿವೃತ್ತ ಶುಶ್ರೂಷಕಿ, ಹಾಸನ