ಇಫ್ಲಿಯ ಚರ್ಚಿಗೆ ಇನ್ನೊಮ್ಮೆ ಹೋಗಿ ಬಾ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಫ್ಲಿಯ ಸೇಂಟ್ ಮೇರಿ ಚರ್ಚಿನ ಬಗ್ಗೆ ನೀನು ಬರೆದ ಪಾಠದ ಟಿಪ್ಪಣಿಯನ್ನು ಎರಡು ಸಲ ಓದಿದೆ. ‘ದುಂಡು ಕಮಾನು, ದಪ್ಪ ಗೋಡೆ, ನಾರ್ಮನ್ ಶೈಲಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯಲ್ಲ ಮಗಳೇ. ಆಕ್ಸ್‌ಫರ್ಡಿನಿಂದ ಎರಡೇ ಮೈಲಿ, ನದಿಯ ದಡದಲ್ಲೇ ನಡೆದು ಹೋಗಬಹುದು. ಇನ್ನೊಮ್ಮೆ ಹೋಗು. ಒಬ್ಬಳೇ ಹೋಗು, ಸಂಜೆ ಹೊತ್ತಿಗೆ ಹೋಗು.

ಸಂಜೆಯೇ ಏಕೆಂದರೆ ದೊಡ್ಡ ಬಾಗಿಲು ಪಶ್ಚಿಮಕ್ಕಿದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗಲೇ ಕೆತ್ತನೆಯ ಆಳ ತಿಳಿಯುವುದು. ಹೋದ ವರ್ಷ ನಿನ್ನಲ್ಲಿಗೆ ಬಂದಿದ್ದಾಗ ನಾನು ಅಲ್ಲಿ ಒಂದು ಗಂಟೆ ನಿಂತಿದ್ದೆ. ಅಂಕುಡೊಂಕು ಗೆರೆಗಳ ಜೊತೆಗೆ ಹಕ್ಕಿಯಂಥ ಕೊಕ್ಕಿನ ತಲೆಗಳ ಸಾಲು ಇದೆ ನೋಡು, ಒಂದೊಂದೂ ತನ್ನ ಕೊಕ್ಕನ್ನು ಕಲ್ಲಿನ ಉರುಟು ಪಟ್ಟಿಯ ಮೇಲೆ ಊರಿಕೊಂಡಿದೆ. ಆ ಸಾಲು ಕಮಾನಿಗೇ ನಿಲ್ಲುವುದಿಲ್ಲ, ಎರಡೂ ಬದಿಯಲ್ಲಿ ಕೆಳಗಿನವರೆಗೆ ಇಳಿದು ಬರುತ್ತದೆ. ನಡುವೆ ಕಂಬವಿಲ್ಲ, ಕಂಬದ ತಲೆಯ ಬೋದಿಗೆಯೂ ಇಲ್ಲ. ಫ್ರಾನ್ಸಿನ ಕಡೆಯ ನಾರ್ಮನ್ನರ ನಾಯಕ ವಿಲಿಯಂ ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ; ಶೈಲಿಯ ಹೆಸರು ಆ ನಾರ್ಮನ್ನರದೇ. ಈ ಚರ್ಚು ಎದ್ದದ್ದು ಅದಾಗಿ ಸುಮಾರು ನೂರು ವರ್ಷಕ್ಕೆ. ಅಷ್ಟರಲ್ಲಿ ಕಲ್ಲುಕುಟಿಗರ ಕೈ ಎಷ್ಟು ಪಳಗಿತ್ತು ಎಂಬುದನ್ನು ‘ದಪ್ಪ ಗೋಡೆ’ ಎಂಬ ಮಾತು ಹೇಳುವುದಿಲ್ಲ.

ದಕ್ಷಿಣದ ಬಾಗಿಲನ್ನೂ ಬಿಡಬೇಡ. ಸಿಂಹದೊಡನೆ ಸೆಣಸುವ ಸ್ಯಾಮ್ಸನ್, ಬೈಬಲ್ಲಿನ ಬಲಶಾಲಿ, ಅಲ್ಲಿದ್ದಾನೆ. ಬಹುಕಾಲ ಮುಂದೊಂದು ಮಂಟಪವಿದ್ದು ಮಳೆಗಾಳಿಯಿಂದ ಕಾದದ್ದರಿಂದ ಅಲ್ಲಿಯ ಅಂಚುಗಳು ಇನ್ನೂ ಚೂಪಾಗಿವೆ.

ಒಂದು ಎಚ್ಚರಿಕೆ. ದುಂಡಗಿರುವುದೆಲ್ಲ 12ನೇ ಶತಮಾನದ್ದು ಎಂದುಕೊಳ್ಳಬೇಡ. ಪಶ್ಚಿಮ ಬಾಗಿಲಿನ ಮೇಲಿನ ದುಂಡು ಕಿಟಕಿಯನ್ನು ಹಳೆಯ ಗುರುತು ಹಿಡಿದು 1856ರಲ್ಲಿ ಮತ್ತೆ ಕಟ್ಟಿದ್ದು. ನಾನೂ ಮೊದಲು ಅದನ್ನು ಮೂಲದ್ದೆಂದೇ ನಂಬಿದ್ದೆ.

ಆಮೇಲೆ ಒಳಗೆ ಹೋಗಿ ಗೋಪುರದ ಕೆಳಗೆ ನಿಂತು ಪೂರ್ವಕ್ಕೆ ಮುಖಮಾಡು. ಅಂಕುಡೊಂಕು ಕೆತ್ತನೆಯ ಭಾರದ ಕಮಾನುಗಳನ್ನು ದಾಟಿದ ಮೇಲೆ ತುದಿಯಲ್ಲಿ ಕಲ್ಲು ಇದ್ದಕ್ಕಿದ್ದಂತೆ ತೆಳ್ಳಗಾಗುತ್ತದೆ, ಕಮಾನು ಮೊನಚಾಗುತ್ತದೆ. ಅದು 13ನೇ ಶತಮಾನದಲ್ಲಿ ಸೇರಿಸಿದ ಭಾಗ. ನಂತರ ಬಂದವರು ಹಳೆಯದನ್ನು ಕೆಡವದೆ, ಅದರಂತೆ ನಟಿಸದೆ, ತಮ್ಮ ಕಾಲದ ಕೆಲಸವನ್ನು ಪಕ್ಕದಲ್ಲಿಟ್ಟು ಹೋಗಿದ್ದಾರೆ. ನೀನು ಬರೆಯಬೇಕಾದದ್ದು ಆ ಜಾಗದ ಬಗ್ಗೆ.

ಫೋನು ಚೀಲದಲ್ಲೇ ಇರಲಿ, ಪೆನ್ಸಿಲ್ ಹಿಡಿ. ಎರಡು ಕಾಲದ ಕಲ್ಲು ಕೂಡುವಲ್ಲಿ ಕಂಡದ್ದನ್ನು ಗೆರೆಯಲ್ಲಿ ಬರೆದು ನನಗೆ ಕಳಿಸು, ಸೊಟ್ಟಗಾದರೂ ಚಿಂತೆಯಿಲ್ಲ. ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಹಾಕಿಕೊಂಡು ಹೋಗು.

ಇಂತಿ,
ನಿನ್ನ ದೊಡ್ಡಪ್ಪ