ಮಗಳಿಗೊಂದು ಪತ್ರ: ಎರಡನೇ ಪಿಟೀಲು

ಬಳ್ಳಾರಿ

ಪ್ರೀತಿಯ ಮಗಳೇ,

ಹ್ಯಾಲೊವೀನ್ ರಾತ್ರಿಯ ವಾದ್ಯವೃಂದದಲ್ಲಿ ಫ್ರೆಂಚ್ ಸಂಗೀತಗಾರ ಸೇನ್-ಸಾನ್ಸ್‌ರ ‘ದಾನ್ಸ್ ಮಕಾಬ್ರ್’ (ಸಾವಿನ ಕುಣಿತ) ಕೃತಿಗೆ ಸೋಲೋ ಪಿಟೀಲು ನಿನ್ನದೇ ಎಂದು ಕೇಳಿ ಅವ್ವನೂ ನಾನೂ ಹಿಗ್ಗಿಹೋದೆವು. 1874ರ ಈ ಕೃತಿ ಏಳೆಂಟು ನಿಮಿಷದ್ದು, ಆದರೆ ಅದರ ಭಯವೆಲ್ಲ ನಿನ್ನ ಮೊದಲ ಕಮಾನೆಳೆತದಲ್ಲಿದೆ.

ಹಾರ್ಪ್ ಎಂಬ ತಂತಿವಾದ್ಯ ಒಂದೇ ಸ್ವರವನ್ನು ಹನ್ನೆರಡು ಸಲ ಮೀಟಿ ನಡುರಾತ್ರಿ ಸಾರುತ್ತದೆ. ಆಮೇಲೆ ಪಿಟೀಲು ಹಿಡಿದು ಬರುವ ಸಾವು ನೀನೇ. ಪಿಟೀಲಿನ ಅತಿ ಸಣ್ಣ ತಂತಿಯಾದ ಇ ತಂತಿಯನ್ನು ಅರ್ಧ ಸ್ವರ ಇಳಿಸಿ ಇ ಫ್ಲ್ಯಾಟ್ ಮಾಡಿರಬೇಕು. ಪಕ್ಕದ ಎ ತಂತಿ ಷಡ್ಜವಾದರೆ ಇದು ಪ್ರತಿಮಧ್ಯಮ. ಪಂತುವರಾಳಿ ರಾಗದಲ್ಲಿ ಆ ಮಧ್ಯಮಕ್ಕೆ ಪಂಚಮದ ಆಸರೆ ಉಂಟು. ಇಲ್ಲಿ ಷಡ್ಜದ ಜೊತೆ ಒಟ್ಟಿಗೇ ಉಜ್ಜಿ ಅದನ್ನು ಹಾಗೇ ಕೈಬಿಡುತ್ತಾರೆ. ಎದೆ ಝಲ್ಲೆನ್ನುವುದು ಅದಕ್ಕೇ. ಎರಡೂ ಖಾಲಿ ತಂತಿ, ಬೆರಳು ಜಾರಿಸಿ ಸರಿಮಾಡಿಕೊಳ್ಳುವ ಹಾಗಿಲ್ಲ. ಶ್ರುತಿ ಮೊದಲೇ ಕೂತಿರಬೇಕು.

ಆಗತಾನೆ ಇಳಿಸಿದ ತಂತಿ ನಿಂತಲ್ಲಿ ನಿಲ್ಲುವುದಿಲ್ಲ, ಮೆಲ್ಲಗೆ ಮೇಲೇರುತ್ತದೆ. ಒಂದು ತಂತಿಯ ಬಿಗಿ ತಗ್ಗಿದರೆ ಉಳಿದ ಮೂರೂ ಸ್ವಲ್ಪ ಏರುತ್ತವೆ. ಆದ್ದರಿಂದ ವೇದಿಕೆಯ ಮೇಲೆ ಇಳಿಸುವ ಉಸಾಬರಿ ಬೇಡ. ನಿನ್ನ ಹಳೇ ಪಿಟೀಲನ್ನು ಎರಡು ದಿನ ಮುಂಚೆಯೇ ಇ ಫ್ಲ್ಯಾಟ್‌ಗೆ ಕಟ್ಟಿಡು, ತಾಲೀಮೂ ಅದರಲ್ಲೇ ಆಗಲಿ. ಆ ತಂತಿಯ ಮೇಲೆ ಬೆರಳು ಎಂದಿನ ಜಾಗದಲ್ಲಿಟ್ಟರೆ ಅರ್ಧ ಸ್ವರ ಕೆಳಗೆ ನುಡಿಯುತ್ತದೆ. ತಂತಿಯ ಬುಡದ ಪುಟ್ಟ ಸ್ಕ್ರೂ, ಫೈನ್ ಟ್ಯೂನರ್, ಅದನ್ನಷ್ಟೇ ಬಿಚ್ಚಿ ಇಳಿಸಬೇಡ, ಸ್ಕ್ರೂ ತೀರಾ ಸಡಿಲಾದರೆ ಗಿರಗಿರ ಸದ್ದು ಬರುತ್ತದೆ. ಸ್ಕ್ರೂ ನಡುವಿಗೆ ತಂದುಕೊಂಡು ಬಿರಡೆಯಿಂದ ಇಳಿಸು. ಬೇಕಾದ್ದಕ್ಕಿಂತ ಚೂರು ಕೆಳಗಿಳಿಸಿ ಮೇಲೆತ್ತಿ ನಿಲ್ಲಿಸು. ನಮ್ಮ ಬಳ್ಳಾರಿಯ ಒಣಹವೆಯ ಹಾಗೆ ಎಸಿ ಹಾಲ್‌ನಲ್ಲೂ ಬಿರಡೆ ಜಾರುತ್ತದೆ, ಒಳಕ್ಕೆ ಒತ್ತಿಯೇ ತಿರುಗಿಸು.

ಕುಣಿಯುವ ಅಸ್ಥಿಪಂಜರಗಳ ಎಲುಬಿನ ಕಟಕಟ ಸದ್ದನ್ನು ಝೈಲೋಫೋನ್ ಎಂಬ ಮರದ ಪಟ್ಟಿಗಳ ವಾದ್ಯ ನೋಡಿಕೊಳ್ಳುತ್ತದೆ. ಅದಕ್ಕೆ ಸರಿಗಟ್ಟಲು ಕಮಾನು ಒತ್ತಿದರೆ ನಿನ್ನ ನಾದ ಒಡೆಯುತ್ತದೆ.

ಬೆರ್ಲಿಯೋಜ್‌ರ ‘ಸಿಂಫನಿ ಫಂತಾಸ್ತಿಕ್’ನ ಕೊನೆಯ ಭಾಗದಲ್ಲಿ ಕಮಾನಿನ ಕಟ್ಟಿಗೆಯಿಂದ ತಂತಿಗೆ ಬಡಿಯಬೇಕಲ್ಲ, ಅದಕ್ಕೆ ಒಳ್ಳೇ ಕಮಾನು ತೆಗೆಯಬೇಡ, ಮೆರುಗು ಕಿತ್ತುಬರುತ್ತದೆ. ಅಗ್ಗದ್ದೊಂದು ಸಾಕು. ಮಣಿಕಟ್ಟು ಸಡಿಲ ಬಿಟ್ಟು, ಕಮಾನನ್ನು ಪೂರಾ ಹೊರಳಿಸದೆ ಓರೆಯಾಗಿ ಬೀಳಿಸು. ಕೂದಲೂ ಒಂದಿಷ್ಟು ತಾಗಿದರೆ ಸ್ವರ ಕೇಳುತ್ತದೆ, ಇಲ್ಲದಿದ್ದರೆ ಬರೀ ಟಕ್‌ಟಕ್.

ಮತ್ತೆ ‘ದಾನ್ಸ್ ಮಕಾಬ್ರ್’ ಮಾತು: ಓಬೋ ಎಂಬ ಊದುವಾದ್ಯದಲ್ಲಿ ಕೋಳಿ ಕೂಗಿದ ಮೇಲೂ ನಿನಗೆ ನುಡಿಸುವುದಿದೆ, ಪಿಟೀಲು ಕೆಳಗಿಡಬೇಡ. ಕೃತಿ ಪೂರ್ತಿ ಮುಗಿದು ಚಪ್ಪಾಳೆ ಬಿದ್ದಾಗ ನಿನ್ನ ಎಂದಿನ ಪಿಟೀಲಿಗೆ ಬದಲಿಸಿಕೋ. ಪಕ್ಕದಲ್ಲಿ ಕೂತವರಿಗೆ ಮೊದಲೇ ಹೇಳಿಟ್ಟಿರು. ಪೆಟ್ಟಿಗೆಯಲ್ಲಿ ಹೊಸ ಇ ತಂತಿ ಎರಡಿರಲಿ.

ನಿನ್ನ
ಅಪ್ಪ