ಗೆಳೆಯನಿಗೊಂದು ಪತ್ರ: ಪಲ್ಪರ್ ಬಾಯಿ ಚಿಕ್ಕದು ಕಣೋ

ಚಿಕ್ಕಮಗಳೂರು,
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

"ನಲವತ್ತಾರಕ್ಕೇ ಮರೆವಿನ ಕಾಯಿಲೆ ಬರುತ್ತಾ?" ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಮನೆಗೆ ವಾಪಸ್ ಓಡಿದ್ದು, ಬೋರ್ಡ್ ಮುಂದೆ ನಿಂತು ಏನು ಹೇಳುತ್ತಿದ್ದೆ ಅಂತಲೇ ಮರೆತದ್ದು, ಎಲ್ಲವನ್ನೂ ನಗುತ್ತಲೇ ಹೇಳಿದೆ. ನನಗೆ ನಗು ಬರಲಿಲ್ಲ. ಕಳೆದ ಡಿಸೆಂಬರ್‌ನಲ್ಲಿ ನಂದೂ ಇದೇ ಕಥೆ.

ತೋಟದಲ್ಲಿ ಅರಾಬಿಕಾ ಕಾಫಿ ಕುಯ್ಲು ಜೋರಾಗಿತ್ತು. ಸಂಜೆ ಕಣದಲ್ಲಿ ಹಣ್ಣು ತೂಗಿ ಪುಸ್ತಕಕ್ಕೆ ಬರೆಯುತ್ತಿದ್ದೆ. ಆಗಲೇ ಸಾಲದ ಕಂತಿನ ಫೋನು, ಮಗಳ ಫೀಸಿನ ಮೆಸೇಜು, ಪಕ್ಕದಲ್ಲಿ ಅಡ್ವಾನ್ಸ್ ಕೇಳುತ್ತ ನಿಂತ ಅಸ್ಸಾಮಿನ ಹುಡುಗ. ಒಬ್ಬ ಹೆಂಗಸಿನ 62 ಕೆಜಿಯನ್ನು ಇನ್ನೊಬ್ಬರ ಸಾಲಿಗೆ ಬರೆದುಬಿಟ್ಟೆ. ಬಟವಾಡೆ ದಿನ ಆಕೆ ಮೆಲ್ಲಗೆ, "ಅಣ್ಣಾ, ನಂದು ಒಂದು ದಿನ ಕಮ್ಮಿ ಬಂದಿದೆ" ಅಂದರು. ನೆಲ ಬಾಯಿಬಿಡಬಾರದಾ ಅನ್ನಿಸಿತು.

ಆ ರಾತ್ರಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಷೀನಿನ ಹತ್ತಿರ ನಿಂತಿದ್ದಾಗ ಹೊಳೆಯಿತು. ಗೋಡೌನಿನಲ್ಲಿ ಎಷ್ಟು ಮೂಟೆ ಬೇಕಾದರೂ ಜೋಡಿಸಬಹುದು. ಪಲ್ಪರ್ ಬಾಯಿ ಮಾತ್ರ ಚಿಕ್ಕದು. ಇವತ್ತು ಹಣ್ಣು ಜಾಸ್ತಿ ಅಂತ ಒಂದೇ ಸಲ ಸುರಿದರೆ ಅದು ಕಟ್ಟಿಕೊಳ್ಳುತ್ತದೆ. ಅದಕ್ಕೆ ಮಷೀನು ಕೆಟ್ಟಿದೆ ಅಂತ ಯಾರೂ ಹೇಳುವುದಿಲ್ಲ. ಸುರಿದವನಿಗೆ ಬೈಯುತ್ತಾರೆ, ಅಲ್ವಾ?

ತಲೆಯದ್ದೂ ಹೀಗೇ ಅಂತೆ. ನಿನ್ನ ಫೋನ್ ಬಂದ ಮೇಲೆ ಸ್ವಲ್ಪ ಓದಿದೆ. ನೆನಪಿನ ಗೋಡೌನು ದೊಡ್ಡದು, ಆದರೆ ಆ ಕ್ಷಣಕ್ಕೆ ಕೈಯಲ್ಲಿ ಹಿಡಿದು ಕೆಲಸ ಮಾಡುವ ಜಾಗ ಬಹಳ ಸಣ್ಣದು. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಅಲ್ಲಿ ಸುಮಾರು ಏಳು ಸಂಗತಿ ಹಿಡಿಯುತ್ತವೆ ಅಂದ. 2001ರಲ್ಲಿ ನೆಲ್ಸನ್ ಕೋವನ್ ಎಂಬಾತ ಏಳೂ ಇಲ್ಲ, ನಾಲ್ಕರ ಹತ್ತಿರ ಅಂದ. ನನ್ನ ಅನುಭವದಲ್ಲಿ ಕುಯ್ಲಿನ ಕಾಲಕ್ಕೆ ಎರಡು!

ಆದರೆ ಒಂದು ಸಂಗತಿ ಅಂದರೆ ಎಷ್ಟು ದೊಡ್ಡದು ಅನ್ನೋದು ಅಭ್ಯಾಸದ ಮೇಲಿದೆ. ಕಾರಿನ ನಂಬರಿನಲ್ಲಿ ಕೆಎ 13 ಕಂಡರೆ ನಮಗದು ನಾಲ್ಕು ಅಕ್ಷರ ಅಲ್ಲ, ಹಾಸನ ಅನ್ನೋ ಒಂದೇ ಮಾತು. ಅಸ್ಸಾಮಿನ ಹುಡುಗನಿಗೆ ಅದು ನಾಲ್ಕೂ ಬೇರೆ ಬೇರೆ. ಇಪ್ಪತ್ತು ವರ್ಷದಿಂದ ಮಾಡುವ ಪಾಠ ನಿನಗೆ ಭಾರ ಅಲ್ಲದಿರುವುದು ಇದಕ್ಕೇ. ಹೊಸದಾಗಿ ಹೆಗಲೇರಿದ ಹೆಡ್‌ಮಾಸ್ಟರ್ ಚಾರ್ಜ್ ಮಾತ್ರ ಇನ್ನೂ ಬಿಡಿಬಿಡಿ ಚೂರು.

ಚಾರ್ಮಾಡಿ ನೆನಪಿದೆಯಾ? ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಕವಿದರೆ ನೀನು ಹಾಡು ಆಫ್ ಮಾಡುತ್ತೀಯ, ನನಗೂ "ಸುಮ್ನಿರೋ ಮಾರಾಯ" ಅನ್ನುತ್ತೀಯ. ದಾರಿ ನೋಡುವುದು ಕಣ್ಣು, ಹಾಡು ಕೇಳುವುದು ಕಿವಿ. ಆದರೂ ಆಫ್ ಮಾಡುತ್ತೀಯ. ಘಾಟಿಯಲ್ಲಿ ಗೊತ್ತಿರುವ ಬುದ್ಧಿ ಸ್ಕೂಲಿನಲ್ಲಿ ಎಲ್ಲಿ ಹೋಯಿತು?

ಬಿಸಿಯೂಟದ ಮೊಟ್ಟೆ ಲೆಕ್ಕ, ಮಕ್ಕಳ ಎಂಟ್ರಿ, ಮೀಟಿಂಗು ಅಂತ ನೀನು ಎಲ್ಲಾ ಹೇಳಿದೆ. ಅದರಲ್ಲಿ ಕೆಲಸ ಎಷ್ಟು, ಹುಡುಕಾಟ ಎಷ್ಟು? ಐದು ವಾಟ್ಸಾಪ್ ಗುಂಪಿನಲ್ಲಿ ಒಂದೇ ಸುತ್ತೋಲೆ, ಯಾವುದು ಕೊನೆಯದ್ದು ಅಂತ ನೋಡುವಷ್ಟರಲ್ಲಿ ಅರ್ಧ ಗಂಟೆ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1988ರಿಂದ ಬರೆದದ್ದರಲ್ಲಿ ನನಗೆ ಹಿಡಿಸಿದ್ದು ಇದೇ. ವಿಷಯದ್ದೇ ತೂಕ ಒಂದು, ಅದನ್ನು ಕೊಡುವ ರೀತಿಯಿಂದ ಬೀಳುವ ತೂಕ ಇನ್ನೊಂದು. ಮೊದಲನೆಯದನ್ನು ಹೊರಲೇಬೇಕು. ಎರಡನೆಯದನ್ನು ಯಾಕೆ ಹೊರಬೇಕು? ಅವನು ಹೇಳಿದ್ದು ಪಾಠದ ವಿಚಾರಕ್ಕೆ. ನಿನ್ನ ಟೇಬಲ್ಲಿಗೂ ಒಪ್ಪುತ್ತದೆ.

ನಾನೀಗ ತೂಗುವಾಗ ಫೋನನ್ನು ಜೀಪಿನಲ್ಲೇ ಇಟ್ಟು ಬರುತ್ತೇನೆ. ಯಾರಾದರೂ ಅರ್ಧದಲ್ಲಿ ಕರೆದರೆ, ಎಲ್ಲಿ ನಿಲ್ಲಿಸಿದೆ, ಮುಂದೆ ಏನು ಅಂತ ಒಂದು ಸಾಲು ಗೀಚಿಯೇ ಏಳುತ್ತೇನೆ. ಅರ್ಧ ಬಿಟ್ಟ ಕೆಲಸದ ಗುಂಗು ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುತ್ತದೆ ಅಂತ ಸೋಫಿ ಲೆರಾಯ್ ಎಂಬಾಕೆ 2009ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ರಾತ್ರಿ ಮಲಗುವ ಮುಂಚೆ ನಾಳಿನದ್ದೆಲ್ಲ ಒಂದು ಹಳೇ ಡೈರಿಗೆ ಇಳಿಸುತ್ತೇನೆ. ಧ್ಯಾನದ ಆಪ್ ಕೂಡ ಹಾಕಿಕೊಂಡಿದ್ದೆ, ಅದು ದಿನಾ ನೆನಪಿಸಿ ನೆನಪಿಸಿ ಅದೇ ಒಂದು ತಲೆನೋವಾಯಿತು. ತೆಗೆದು ಹಾಕಿದೆ.

ಆದರೂ ವಾರಗಟ್ಟಲೆ ನಿದ್ದೆ ಬರದಿದ್ದರೆ ನನ್ನ ಪಲ್ಪರ್ ಕಥೆ ನಂಬಿ ಕೂರಬೇಡ. ಡಾಕ್ಟರ್ ಹತ್ತಿರ ಹೋಗು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿಯೂ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭಾನುವಾರ ಅತ್ತಿಗೆಯನ್ನೂ ಕರೆದುಕೊಂಡು ಬಾ. ಅಮ್ಮ ಕಡುಬು ಮಾಡುತ್ತಾರಂತೆ. ಹೋದ ಸಲ ಬಿಟ್ಟು ಹೋದ ನಿನ್ನ ಕನ್ನಡಕದ ಡಬ್ಬಿ ನಮ್ಮ ಟೀವಿ ಪಕ್ಕದಲ್ಲಿದೆ. ಈಗಲೇ ಬರೆದಿಟ್ಟುಕೋ.

ಇಂತಿ ನಿನ್ನ,
ಕಾಫಿ ತೋಟದ ಗೆಳೆಯ